ಚೆಕ್‌ರೋಲ್ ಪುಸ್ತಕದ ಇಂಗ್ಲಿಷ್

ಕೊಡಗಿನ ಸಿದ್ದಾಪುರದ ಸುತ್ತಿನ ಕಾಫಿ ತೋಟಗಳಲ್ಲಿ ಒಂದು ಇಂಗ್ಲಿಷ್ ಇತ್ತು. ಅದನ್ನು ದಿನವಿಡೀ ಆಡುತ್ತಿದ್ದವರಲ್ಲಿ ಹೆಚ್ಚಿನವರಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಸಂಬಳದ ದಿನ ಹೆಬ್ಬೆಟ್ಟು ಒತ್ತುತ್ತಿದ್ದರು. ತಮಿಳು ಮನೆಮಾತಿನ ಹೆಂಗಸರು, ಮಲೆಯಾಳ ಮಾತಾಡುವ ಮೇಸ್ತ್ರಿ, ಹಾಡಿಯಿಂದ ಬರುತ್ತಿದ್ದ ಯರವರು, ಸುಳ್ಯ ಕಡೆಯ ತುಳು ಡ್ರೈವರ್, ಇವರೆಲ್ಲರ ನಡುವಿನ ಮಾತು ಕನ್ನಡವೇ. ಕೆಲಸದ ಹೆಸರು ಬಂದಾಗ ಮಾತ್ರ ಎಲ್ಲರೂ ಮಸ್ಟರ್, ಚೆಕ್‌ರೋಲ್, ಪಲ್ಪರ್, ಪಾರ್ಚ್‌ಮೆಂಟ್, ಸ್ಕಫ್ಲಿಂಗ್, ಗ್ಲೀನಿಂಗ್ ಎನ್ನುತ್ತಿದ್ದರು. ನಮ್ಮಪ್ಪ ಅಂಥ ಒಂದು ತೋಟದಲ್ಲಿ ರೈಟರ್. 1970ರ ದಶಕದಲ್ಲಿ ಅಲ್ಲಿನ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ ಬೆಳೆದ ನನಗೆ ಇವು ಇಂಗ್ಲಿಷ್ ಪದಗಳೆಂದೇ ಅನ್ನಿಸುತ್ತಿರಲಿಲ್ಲ. ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಕಾಲೇಜಿನಲ್ಲಿ ದೊಡ್ಡ ನಿಘಂಟು ಕೈಗೆ ಸಿಕ್ಕಿದ ಮೇಲೆ ತೋಟದ ಮಾತುಗಳನ್ನು ಅದರಲ್ಲಿ ಹುಡುಕುವ ಅಭ್ಯಾಸ ಹತ್ತಿತು, ಇನ್ನೂ ಬಿಟ್ಟಿಲ್ಲ. ಕೆಲವು ಪದಗಳು ಇಂಗ್ಲೆಂಡಿನಲ್ಲೇ ಬಳಕೆ ತಪ್ಪಿವೆ. ಕೆಲವು ಅಲ್ಲಿ ಬೇರೆ ಅರ್ಥಕ್ಕೆ ಹೊರಳಿವೆ. ನಮ್ಮಲ್ಲಿ ಕೆಲಸಕ್ಕೆ ಅಂಟಿಕೊಂಡು ಉಳಿದುಕೊಂಡವು. ಈಗ ಕೆಲಸವೇ ಬದಲಾಗಿದೆ, ಪದಗಳೂ ಹೋಗುತ್ತಿವೆ. ಅದಕ್ಕೆ ಮರುಗುವವನು ನಾನಲ್ಲ, ಕೆಲವು ಪದಗಳು ಇನ್ನೂ ಮೊದಲೇ ಹೋಗಬೇಕಿತ್ತು. ಆದರೆ ಯಾವ ಪದ ಯಾರ ಮೇಲೆ ಎಂಥ ಲೆಕ್ಕ ಇಟ್ಟಿತ್ತು ಎಂಬುದನ್ನು ಬರೆದಿಡದೆ ಬಿಟ್ಟರೆ ಈ ಊರಿನ ಚರಿತ್ರೆಯಲ್ಲಿ ದುಡಿದವರ ಪಾಲೇ ಅಳಿಸಿಹೋಗುತ್ತದೆ ಎಂಬ ಆತಂಕ ನನಗಿದೆ.

ಮೊದಲು ಬಾರ್ಬೆಕ್ಯೂ. ಅಪ್ಪನ ಕಾಲದ ತೋಟದ ಕಾಗದಗಳಲ್ಲಿ, ಹಳೆಯ ಸ್ಟಾಫಿನ ಬಾಯಲ್ಲಿ, ಬಾರ್ಬೆಕ್ಯೂ ಅಂದರೆ ಕಾಫಿ ಒಣಗಿಸುವ ಕಣ. ನಮ್ಮ ತೋಟದ್ದು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಎದುರಿಗಿತ್ತು. ಇಟ್ಟಿಗೆ ಹಾಸಿ ಮೇಲೆ ಗಾರೆ ಬಳಿದ ದೊಡ್ಡ ಅಂಗಳ, ಸುತ್ತ ಗೇಣುದ್ದದ ಕಟ್ಟೆ, ಅಕಾಲ ಮಳೆ ಬಂದರೆ ನೀರು ನಿಲ್ಲದಿರಲೆಂದು ಒಂದು ಪಕ್ಕಕ್ಕೆ ಸ್ವಲ್ಪವೇ ಇಳಿಜಾರು. ಡಿಸೆಂಬರಿನಲ್ಲಿ ಅದರ ಮೇಲೆ ಸಿಪ್ಪೆ ಸುಲಿದ ಅರೇಬಿಕಾ ಪಾರ್ಚ್‌ಮೆಂಟ್, ಫೆಬ್ರವರಿಯಲ್ಲಿ ಇಡೀ ಹಣ್ಣಾಗಿಯೇ ಒಣಗುವ ರೊಬಸ್ಟಾ ಚೆರಿ. ಬೆಳಗ್ಗೆ ಮಂಜು ಕರಗಿದ ಮೇಲೆ ಟಾರ್ಪಾಲು ಎಳೆದು ರಾಶಿ ಹರಡುತ್ತಿದ್ದರು. ಗಂಟೆಗೊಂದು ಸಲ ಉದ್ದ ಹಿಡಿಯ ಮರದ ಹಲಗೆಯಿಂದ ಕೈಯಾಡಿಸಿ ಏರಿ ಏರಿಯಾಗಿ ಎಳೆಯಬೇಕು. ಏರಿಗಳ ನಡುವೆ ಬಯಲಾದ ನೆಲ ಬಿಸಿಲಿಗೆ ಕಾಯುತ್ತದೆ, ಮುಂದಿನ ಸಲ ಏರಿಯನ್ನು ಆ ಕಾದ ನೆಲದ ಮೇಲೆ ಎಳೆಯುತ್ತಾರೆ. ಸಂಜೆ ಇಬ್ಬನಿ ಇಳಿಯುವ ಮೊದಲು ಮತ್ತೆ ರಾಶಿ, ಮತ್ತೆ ಟಾರ್ಪಾಲು. ಪಾರ್ಚ್‌ಮೆಂಟ್ ಒಣಗಿತೋ ಇಲ್ಲವೋ ನೋಡಲು ಮೇಸ್ತ್ರಿ ಒಂದು ಬೀಜ ಕಚ್ಚಿ ನೋಡುತ್ತಿದ್ದ, ಮೆತ್ತಗೆ ಹಲ್ಲಿನ ಗುರುತು ಬಿದ್ದರೆ ಇನ್ನೂ ಬಿಸಿಲು ಬೇಕು. ಚೆರಿಯಾದರೆ ಹಿಡಿಯಲ್ಲಿ ತುಂಬಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ, ಒಳಗೆ ಬೀಜ ಗಲಗಲ ಎನ್ನಬೇಕು. ಕೋಳಿ, ನಾಯಿ ಕಣಕ್ಕೆ ಬಾರದಂತೆ ಅಟ್ಟುವುದು ನಮ್ಮಂಥ ಮಕ್ಕಳ ಕೆಲಸ.

ಈ ಪದದ ದಾರಿ ಬಹಳ ಉದ್ದದ್ದು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿ ಟೈನೋ ಜನ ಕೋಲುಗಳನ್ನು ಹೆಣೆದು ಕಂಬದ ಮೇಲೆ ಕೂರಿಸಿದ ಅಟ್ಟಣಿಗೆಗೆ ಒಂದು ಹೆಸರಿತ್ತು. ಅದರ ಮೇಲೆ ಮಲಗುತ್ತಿದ್ದರು, ಕೆಳಗೆ ಬೆಂಕಿ ಹಾಕಿ ಮಾಂಸ ಒಣಗಿಸುತ್ತಿದ್ದರು. ಸ್ಪೇನಿನವರ ಬಾಯಲ್ಲಿ ಅದು ಬಾರ್ಬಕೋವಾ ಆಯಿತು, 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಜಮೈಕಾದ ಕಾಫಿ ತೋಟಗಳಲ್ಲಿ ಬೀಜ ಒಣಗಿಸುವ ಗಾರೆ ನೆಲಕ್ಕೂ ಅದೇ ಹೆಸರು ನಿಂತಿತು. ಜಮೈಕಾದಲ್ಲಿ ಕೆಲಸ ಕಲಿತ ರಾಬರ್ಟ್ ಬಾಯ್ಡ್ ಟೈಟ್ಲರ್ ಎಂಬ ಸ್ಕಾಟ್‌ಲೆಂಡಿನವನು 1837ರಲ್ಲಿ ಸಿಲೋನಿಗೆ ಬಂದು ಅಲ್ಲಿನ ಕಾಫಿ ಬೆಳೆಗಾರರಿಗೆ ಜಮೈಕಾದ ಪದ್ಧತಿ ತೋರಿಸಿಕೊಟ್ಟ. ಸಿಲೋನಿನ ಪದ್ಧತಿಗಳು, ಅಲ್ಲಿನ ಮಾತು, ದಕ್ಷಿಣ ಭಾರತದ ತೋಟಗಳಿಗೂ ದಾಟಿದವು. ಕೊಡಗಿನಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದದ್ದು 1854ರಲ್ಲಿ, ಮಡಿಕೇರಿಯ ಬಳಿ, ಫೌಲರ್ ಎಂಬಾತ. ಹೀಗೆ, ತಮ್ಮ ಜನವೇ ಬಹುಪಾಲು ನಾಶವಾಗಿಹೋದ ಟೈನೋಗಳ ಒಂದು ಮಾತು ಗುಲಾಮರು ದುಡಿದ ತೋಟಗಳ ಮೂಲಕ ಹಾದು ನಮ್ಮ ಪಲ್ಪರ್ ಮನೆಯ ಎದುರು ಬಂದು ಕೂತಿತ್ತು.

ಈಗ ಆ ಪದ ಸಿದ್ದಾಪುರದಲ್ಲಿ ಮೊದಲಿಗಿಂತ ಹೆಚ್ಚು ಕೇಳಿಬರುತ್ತದೆ. ಹೋಮ್‌ಸ್ಟೇ ಬೋರ್ಡುಗಳಲ್ಲಿ ಕ್ಯಾಂಪ್‌ಫೈರ್ ಪಕ್ಕದಲ್ಲಿ ಬಾರ್ಬೆಕ್ಯೂ ಎಂದು ಬರೆದಿರುತ್ತದೆ. ಬೆಂಗಳೂರಿನಿಂದ ಬಂದ ಅತಿಥಿಗಳಿಗೆ ಶನಿವಾರ ರಾತ್ರಿ ಕೆಂಡದ ಮೇಲೆ ಕೋಳಿ ಸುಟ್ಟು ಕೊಡುವ ಕಬ್ಬಿಣದ ಒಲೆ ಅದು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆ ಒಲೆ ಇಟ್ಟಿರುವುದು ಹಳೆಯ ಕಣದ ಮೂಲೆಯಲ್ಲೇ. ಕಾಫಿ ಒಣಗಿಸುವ ಎರಡು ಮೂರು ತಿಂಗಳು ಒಲೆ ಬದಿಗೆ, ಉಳಿದ ಕಾಲ ಕಣ ಬದಿಗೆ. ಆ ಮನೆಯವರಿಗೆ ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಅತಿಥಿಗಳೇ ಸಾಲ ತೀರಿಸಲು ಆಸರೆಯಾದರು, ಆದ್ದರಿಂದ ಇದನ್ನು ದೂರುವ ಮಾತೇ ಇಲ್ಲ. ಸುಟ್ಟ ಮಾಂಸದ ಅರ್ಥವೇ ಪದದ ಮೂಲಕ್ಕೆ ಹತ್ತಿರವೂ ಹೌದು. ಕಣದ ಅರ್ಥ ತಿಳಿದವರು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಹೊಸ ಹುಡುಗರು ಕಣವನ್ನು ಯಾರ್ಡ್ ಎನ್ನುತ್ತಾರೆ.

ಅಪ್ಪನ ಮೇಜಿಗೆ ಬರುತ್ತೇನೆ. ರೈಟರ್ ಎಂಬ ಹುದ್ದೆಯ ಹೆಸರು ಈಸ್ಟ್ ಇಂಡಿಯಾ ಕಂಪನಿಯದು. ಕಂಪನಿಯ ಸೇವೆಗೆ ಹೊಸದಾಗಿ ಸೇರಿದ ಹುಡುಗನ ಮೊದಲ ದರ್ಜೆ ರೈಟರ್. ಅವನು ದೊಡ್ಡವನಾಗಿ ಫ್ಯಾಕ್ಟರ್ ಆಗುತ್ತಿದ್ದ, ಆಮೇಲೆ ಮರ್ಚೆಂಟ್. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗಿಗೆ ಹೆಸರು ಬಂದದ್ದು ಅವರಿಂದಲೇ. ಕಂಪನಿ ಹೋಗಿ ನೂರೈವತ್ತು ವರ್ಷ ದಾಟಿದೆ. ಇಂಗ್ಲೆಂಡಿನಲ್ಲಿ ಇಂದು ರೈಟರ್ ಅಂದರೆ ಕಥೆ ಕಾದಂಬರಿ ಬರೆಯುವವನು. ಗುಮಾಸ್ತ ಎಂಬ ಹಳೆಯ ಅರ್ಥ ನಮ್ಮ ಪೊಲೀಸ್ ಠಾಣೆಯಲ್ಲಿ, ಕಾಫಿ ತೋಟದಲ್ಲಿ ಉಳಿದಿದೆ.

ರೈಟರ್ ಬರೆಯುತ್ತಿದ್ದದ್ದು ಚೆಕ್‌ರೋಲ್. ಅಡ್ಡಕ್ಕೆ ಬಿಚ್ಚುವ ಉದ್ದನೆಯ ಪುಸ್ತಕ. ಎಡಗಡೆ ಹೆಸರು, ಪಕ್ಕದಲ್ಲಿ ಗಂಡಸು, ಹೆಂಗಸು, ಹುಡುಗ ಎಂದು ಗುರುತು. ಆಮೇಲೆ 1ರಿಂದ 31ರವರೆಗೆ ಸಣ್ಣ ಸಣ್ಣ ಮನೆಗಳು. ಬಲಗಡೆ ಒಟ್ಟು ದಿನ, ದರ, ಸಂಬಳ, ಅದರಿಂದ ಕಳೆಯುವ ಅಡ್ವಾನ್ಸ್, ಅಕ್ಕಿ, ಕಂಬಳಿ. ಪೂರ್ತಿ ದಿನ ಬಂದರೆ ಒಂದು ಓರೆ ಗೆರೆ, ಅರೆ ಹಾಜರಿಗೆ ಅರ್ಧ ಗೆರೆ, ಬಾರದಿದ್ದರೆ ಸೊನ್ನೆ. ಅಪ್ಪ ಮೊದಲು ತೋಟದಲ್ಲಿ ಸಣ್ಣ ಪಾಕೆಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಂದು, ರಾತ್ರಿ ಲಾಟೀನಿನ ಬೆಳಕಿನಲ್ಲಿ ಶಾಯಿಯಿಂದ ದೊಡ್ಡ ಪುಸ್ತಕಕ್ಕೆ ಇಳಿಸುತ್ತಿದ್ದರು. ಒಂದು ಸೊನ್ನೆ ತಪ್ಪಿ ಬಿದ್ದರೆ ಒಂದು ಮನೆಯ ಒಂದು ದಿನದ ಅಕ್ಕಿ ಹೋಗುತ್ತದೆ ಎಂದು ಹೇಳುತ್ತಲೇ ಬರೆಯುತ್ತಿದ್ದರು. ಸಂಬಳದ ಹಿಂದಿನ ರಾತ್ರಿ ನಮ್ಮ ಜಗಲಿಗೆ ಹೆಂಗಸರು ಬಂದು ನಿಲ್ಲುತ್ತಿದ್ದರು. “ರೈಟ್ರೇ, ನಮ್ದು ಎಷ್ಟು ಹಾಜರಿ ಬಿದ್ದಿದೆ, ಸ್ವಲ್ಪ ನೋಡಿ ಹೇಳಿ.” ಓದಲು ಬಾರದವರು ತಮ್ಮ ದಿನಗಳನ್ನು ಬೆರಳ ಗೆಣ್ಣುಗಳಲ್ಲಿ ಎಣಿಸಿಟ್ಟುಕೊಂಡು ಬಂದಿರುತ್ತಿದ್ದರು. ಪುಸ್ತಕದ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವ್ಯತ್ಯಾಸ ಬಂದಾಗ ಪುಸ್ತಕವೇ ಗೆಲ್ಲುತ್ತಿತ್ತು.

ಚೆಕ್‌ರೋಲ್ 15ನೇ ಶತಮಾನದ ಇಂಗ್ಲಿಷ್ ಪದ. ರಾಜನ ಅರಮನೆಯಲ್ಲಿ ಊಟ, ಸಂಬಳಕ್ಕೆ ಹಕ್ಕಿದ್ದ ಸೇವಕರ ಪಟ್ಟಿ ಅದು. ಚೆಕ್ ಎಂಬ ಭಾಗದ ಬೇರು ಚದುರಂಗದಲ್ಲಿದೆ. ಪರ್ಷಿಯನ್ನರ ಶಾ, ಅಂದರೆ ರಾಜ, ಫ್ರೆಂಚರ ಬಾಯಿ ಹೊಕ್ಕು ಹೊರಬಂದಾಗ ಚೆಕ್ ಆಗಿತ್ತು. ಚದುರಂಗದ ಹಾಸಿನಂಥ ಬಟ್ಟೆ ಹರಡಿ ಅದರ ಮನೆಗಳಲ್ಲಿ ಬಿಲ್ಲೆ ಇಟ್ಟು ಇಂಗ್ಲೆಂಡಿನ ರಾಜಸ್ವದ ಲೆಕ್ಕ ಮಾಡುತ್ತಿದ್ದರು, ಖಜಾನೆಗೆ ಎಕ್ಸ್‌ಚೆಕರ್ ಎಂದು ಹೆಸರಾದದ್ದು ಹಾಗೆ. ಮಸ್ಟರ್ ಲ್ಯಾಟಿನಿನ ‘ತೋರಿಸು’ ಎಂಬ ಕ್ರಿಯಾಪದದಿಂದ ಬಂದದ್ದು, ಸೈನಿಕರು ದೊರೆಯ ಎದುರು ಬಂದು ತಮ್ಮನ್ನು ತೋರಿಸಿಕೊಳ್ಳುವುದು. ತೋಟದ ಮಸ್ಟರೂ ಅದೇ. ಬೆಳಗ್ಗೆ ತಮಟೆ ಅಥವಾ ಗಂಟೆಯ ಸದ್ದು, ಮೈದಾನದಲ್ಲಿ ಸಾಲು, ಹೆಸರು ಕೂಗಿದಾಗ ಓಗೊಡುವುದು. ತಡವಾಗಿ ಬಂದವರನ್ನು ವಾಪಸ್ ಕಳಿಸುತ್ತಿದ್ದರು. ಆರು ಮೈಲಿ ನಡೆದು ಬಂದವಳೂ ವಾಪಸ್ಸೇ.

ಕಾರ್ಮಿಕರು ವಾಸಿಸುವ ಲೈನ್ ಮನೆಯ ಹೆಸರೂ ಸೈನ್ಯದ್ದೇ, ಸಿಪಾಯಿಗಳ ಸಾಲು ಬಿಡಾರ. ಒಂದೇ ಉದ್ದ ಮಾಡು, ಒಂದು ಕೋಣೆ, ಮುಂದೆ ಒಂದಿಷ್ಟು ಜಗಲಿ, ಪಕ್ಕದ ಮನೆಯ ಕೆಮ್ಮು ಗೋಡೆ ದಾಟಿ ಕೇಳುತ್ತದೆ. 1951ರ ಪ್ಲಾಂಟೇಷನ್ಸ್ ಲೇಬರ್ ಕಾಯ್ದೆ ಕಾರ್ಮಿಕರಿಗೆ ಮನೆ, ನೀರು, ಆಸ್ಪತ್ರೆ ಕೊಡಬೇಕೆಂದಿತು. ಮನೆಗಳ ರೂಪ ಅಲ್ಲಲ್ಲಿ ಸುಧಾರಿಸಿದರೂ ಹೆಸರು ಲೈನಾಗಿಯೇ ಉಳಿಯಿತು. ಮೇಸ್ತ್ರಿ ಪೋರ್ಚುಗೀಸರ ಮೆಸ್ತ್ರೆ, ಇಂಗ್ಲಿಷಿನ ಮಾಸ್ಟರನ ಅಣ್ಣತಮ್ಮ. ಆಳು ತರಲು ಅಡ್ವಾನ್ಸ್ ಹಿಡಿದು ಊರಿಗೆ ಹೋಗುತ್ತಿದ್ದವನು ಅವನೇ. ಈ ಅಡ್ವಾನ್ಸ್ ಎಂಬ ಮೆತ್ತನೆಯ ಪದದ ಹಿಂದೆ ಏನಿತ್ತು ಎಂಬುದನ್ನು ಹೊಸಬರಿಗೆ ಹೇಳಲೇಬೇಕು. 1859ರ 13ನೇ ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಅವರ ಆಜ್ಞೆಯ ಮೇಲೂ ಕೆಲಸಕ್ಕೆ ಮರಳದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಅದನ್ನು ರದ್ದು ಮಾಡುವ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದು 1925ರಲ್ಲಿ. ಸಾಲ ತೀರಿಸಲಾಗದ್ದು ಅಪರಾಧವಾಗಿದ್ದ ಕಾಲವದು. ಅಜ್ಜ ತೆಗೆದುಕೊಂಡ ಅಡ್ವಾನ್ಸನ್ನು ಮೊಮ್ಮಗನ ಹೆಸರಿನ ಎದುರು ನಾನು ಹಳೆಯ ಪುಸ್ತಕವೊಂದರಲ್ಲಿ ಕಂಡಿದ್ದೇನೆ.

ಇನ್ನು ಕೂಲಿ. ಕನ್ನಡದಲ್ಲೂ ತಮಿಳಿನಲ್ಲೂ ಕೂಲಿ ಅಂದರೆ ದುಡಿಮೆಗೆ ಸಿಗುವ ಹಣ. ಇಂಗ್ಲಿಷಿನ ಪದಕ್ಕೆ ಇದೇ ಮೂಲವೆನ್ನುವವರಿದ್ದಾರೆ, ಗುಜರಾತಿನ ಕೋಳಿ ಜನಾಂಗದ ಹೆಸರೆನ್ನುವವರೂ ಇದ್ದಾರೆ. ಎರಡೂ ಸೇರಿರಬಹುದು. ಇಂಗ್ಲಿಷಿನಲ್ಲಿ ಅದು ಹಣವನ್ನು ಬಿಟ್ಟು ಮನುಷ್ಯನಿಗೆ ಅಂಟಿತು, ಹಡಗು ಹಡಗಾಗಿ ಮಾರಿಷಸ್, ಫಿಜಿ, ನಟಾಲಿಗೆ ಹೋಯಿತು, ಬೈಗುಳವಾಯಿತು. ಇಲ್ಲಿಂದ ಹೋದ ಪದ ಹೀಗಾಗಿ ಮರಳಿತು. ಈ ಪದ ತೋಟದ ಪುಸ್ತಕಗಳಿಂದ ಹೋದದ್ದಕ್ಕೆ ನನಗೆ ಸಂತೋಷವಿದೆ. ಅಪ್ಪನ ಕಾಲಕ್ಕೆ ಚೆಕ್‌ರೋಲಿನ ತಲೆಬರಹದಲ್ಲಿ ಲೇಬರ್ ಎಂದಿತ್ತು.

ಇಂಥ ಪದಗಳನ್ನೆಲ್ಲ ಒಟ್ಟು ಮಾಡಿದ ಪುಸ್ತಕವೊಂದಿದೆ, ಹಾಬ್ಸನ್-ಜಾಬ್ಸನ್. ಮೊಹರಂ ಮೆರವಣಿಗೆಯಲ್ಲಿ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಗೋರಾ ಸಿಪಾಯಿಗಳ ಕಿವಿಗೆ ಬಿದ್ದ ಬಗೆಯೇ ಆ ಹೆಸರು. 1886ರಲ್ಲಿ ಹೊರಬಂದ ಅದರ ಕರ್ತೃಗಳು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಪುಸ್ತಕ ಅಚ್ಚಾಗುವ ಹೊತ್ತಿಗೆ ಬರ್ನೆಲ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬರ್ನೆಲ್ ನಮ್ಮ ಕಡೆಗೆ ಅಪರಿಚಿತರಲ್ಲ. ದಕ್ಷಿಣ ಕನ್ನಡದಲ್ಲಿದ್ದು ತುಳುವರ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು, ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವರು ಬರೆದ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಹಾಬ್ಸನ್-ಜಾಬ್ಸನ್ ತೆರೆದರೆ ಅದರಲ್ಲಿ ಗೋಣಿ ಗನ್ನಿಯಾಗಿ ಕೂತಿದೆ, ಅಡಿಕೆ ಅರೆಕಾ ಆಗಿದೆ, ಸಕ್ಕರೆ ಜ್ಯಾಗರಿ ಆಗಿದೆ. ಬ್ಯಾಂಬೂ ಪದದ ಮೂಲ ಬಲು ಅಸ್ಪಷ್ಟ ಎನ್ನುತ್ತಲೇ ಅದು ಕನ್ನಡದ್ದೆಂಬ ಒಂದು ವಾದವನ್ನೂ ಅಲ್ಲಿ ಕೊಟ್ಟಿದ್ದಾರೆ. ಬೆಂಕಿ ಬಿದ್ದಾಗ ಬಿದಿರು ಸಿಡಿಯುವ ಸದ್ದಿನಿಂದ ಬೊಂಬು ಎಂಬ ಹೆಸರು ಬಂತೆಂಬ ವಿವರಣೆಯೂ ಇದೆ. ಈಚಿನ ನಿಘಂಟುಗಳು ಮಲಯ ಭಾಷೆಯತ್ತ ಬೆರಳು ತೋರಿಸುತ್ತವೆ. ಆದರೂ ಸಿದ್ದಾಪುರದವನಿಗೆ ಈ ನಮೂದು ಓದುವಾಗ ಹತ್ತಿರದ್ದೆನಿಸುತ್ತದೆ, ಯಾಕೆಂದರೆ ಪಾಲಿಬೆಟ್ಟ, ಸಿದ್ದಾಪುರದ ಈ ಬಿದಿರುಕಾಡಿನ ಸೀಮೆಯನ್ನು ಇಂಗ್ಲಿಷ್ ಪ್ಲಾಂಟರುಗಳು ಬ್ಯಾಂಬೂ ಎಂದೇ ಕರೆಯುತ್ತಿದ್ದರು. ಪಾಲಿಬೆಟ್ಟದ ಕ್ಲಬ್ಬಿನ ಹೆಸರು ಇಂದಿಗೂ ಬ್ಯಾಂಬೂ ಕ್ಲಬ್.

ಗಿಡದ ಬುಡಕ್ಕೆ ಇಳಿದರೆ ಇನ್ನೂ ಹಳೆಯ ಮಾತುಗಳು ಸಿಗುತ್ತವೆ. ಮಳೆಗಾಲ ಮುಗಿದು ಮಣ್ಣು ಗಟ್ಟಿಯಾಗುವ ಮೊದಲು ಮೇಲ್ಮಣ್ಣನ್ನು ಹಗುರವಾಗಿ ಕೆದಕಿ ಬಿಡುವುದು ಸ್ಕಫ್ಲಿಂಗ್. ಕಳೆ ಸಾಯುತ್ತದೆ, ತೇವ ಒಳಗೆ ಉಳಿಯುತ್ತದೆ. ಈಗಿನ ಇಂಗ್ಲಿಷ್ ಓದಿದ ಹುಡುಗ ಈ ಪದ ಕೇಳಿದರೆ ಕೈಕೈ ಮಿಲಾಯಿಸುವುದು ಎಂದುಕೊಳ್ಳುತ್ತಾನೆ. ತೋಟದ ಸ್ಕಫಲ್ ಬೇರೆ, ಡಚ್ಚರ ಗುದ್ದಲಿಯ ಹೆಸರಿನಿಂದ ಬಂದದ್ದು. ಗುದ್ದಲಿ ಹಿಡಿಯುವ ಆಳು ಸಿಗದೆ ಹೆಚ್ಚಿನ ತೋಟಗಳಲ್ಲಿ ಸ್ಕಫ್ಲಿಂಗ್ ನಿಂತುಹೋಗಿದೆ, ಕಳೆ ಕತ್ತರಿಸುವ ಯಂತ್ರ ಬೆನ್ನಿಗೇರಿದೆ.

ಗ್ಲೀನಿಂಗ್ ಅಂದರೆ ಕೊಯ್ಲು ಮುಗಿದ ಮೇಲೆ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುವುದು. ಕನ್ನಡದ ಹಕ್ಕಲು ಆಯುವುದಕ್ಕೆ ಇದು ಸರಿಸಾಟಿ. ಪದ ಹಳೆಯ ಫ್ರೆಂಚಿನದು, ಅದಕ್ಕೂ ಹಿಂದೆ ಕೆಲ್ಟಿಕ್ ಮೂಲವಿರಬಹುದು. ಹೊಲದಲ್ಲಿ ಬಿದ್ದ ತೆನೆಯನ್ನು ಬಡವರಿಗೆ, ಪರದೇಶಿಗೆ ಬಿಟ್ಟುಬಿಡು ಎಂದು ಬೈಬಲ್ ಹೇಳುತ್ತದೆ, ರೂತಳ ಕಥೆ ನಡೆಯುವುದು ಅಂಥ ಹೊಲದಲ್ಲೇ. ಇಂಗ್ಲೆಂಡಿನ ಬಡವರು ಅದನ್ನು ತಮ್ಮ ಹಕ್ಕೆಂದು ನಂಬಿದ್ದರು. 1788ರಲ್ಲಿ ಅಲ್ಲಿನ ನ್ಯಾಯಾಲಯ ಸ್ಟೀಲ್ ವಿರುದ್ಧ ಹೌಟನ್ ಎಂಬ ಮೊಕದ್ದಮೆಯಲ್ಲಿ ಅಂಥ ಹಕ್ಕು ಕಾನೂನಿನಲ್ಲಿ ಇಲ್ಲವೆಂದಿತು. ಆಮೇಲೆ ನಮ್ಮ ತೋಟಗಳಿಗೆ ಬಂದ ಗ್ಲೀನಿಂಗ್‌ನಲ್ಲಿ ಹೆಕ್ಕಿದ್ದೆಲ್ಲವೂ ತೋಟದ್ದು, ಹೆಕ್ಕಿದವಳಿಗೆ ಹಾಜರಿ. ಬೆನ್ನು ಬಗ್ಗಿಸಿ ದಿನವಿಡೀ ತರಗೆಲೆ ಸರಿಸಿ ಹೆಕ್ಕುವ ಕೆಲಸ, ಬಹುಪಾಲು ವಯಸ್ಸಾದ ಹೆಂಗಸರದು. 1990ರಲ್ಲಿ ಬೆರಿ ಬೋರರ್ ಕೀಟ ಭಾರತದಲ್ಲಿ ಕಾಣಿಸಿಕೊಂಡ ಮೇಲೆ ಗ್ಲೀನಿಂಗ್ ಕಡ್ಡಾಯವೆನ್ನುವಷ್ಟು ಮುಖ್ಯವಾಯಿತು, ಉದುರಿದ ಹಣ್ಣಿನಲ್ಲೇ ಕೀಟ ಮುಂದಿನ ಫಸಲಿಗೆ ಕಾದು ಕೂತಿರುತ್ತದೆ. ಹಾಗಾಗಿ ಈ ಒಂದು ಪದ ಸದ್ಯಕ್ಕೆ ಹೋಗುವುದಿಲ್ಲ.

ಪಾರ್ಚ್‌ಮೆಂಟ್ ಹೆಸರು ಈಗಿನ ಟರ್ಕಿಯಲ್ಲಿರುವ ಪೆರ್ಗಮಾನ್ ಎಂಬ ಪುರಾತನ ಪಟ್ಟಣದಿಂದ ಬಂದದ್ದು. ಬರೆಯಲು ಹದ ಮಾಡಿದ ಚರ್ಮ ಅಲ್ಲಿಂದ ಹೆಸರು ಪಡೆಯಿತು, ಅದರಂತೆ ಒಣಗಿದ ಹೊಟ್ಟು ಕಾಫಿ ಬೀಜದ ಮೇಲೆ ಇರುವುದರಿಂದ ಅದಕ್ಕೂ ಅದೇ ಹೆಸರು. ಟ್ರಯೇಜ್ ಎಂಬುದೊಂದಿತ್ತು. ಬೇರ್ಪಡಿಸಿದ ಮೇಲೆ ಕೊನೆಗೆ ಉಳಿಯುವ ಒಡಕು ಬೀಜದ ದರ್ಜೆ. ಫ್ರೆಂಚಿನಲ್ಲಿ ಅದರ ಅರ್ಥ ಆರಿಸುವುದು. ಇಂದು ಅದೇ ಪದ ಆಸ್ಪತ್ರೆಯ ತುರ್ತು ವಿಭಾಗದ ಬೋರ್ಡಿನಲ್ಲಿದೆ. ಯಾರನ್ನು ಮೊದಲು ನೋಡಬೇಕೆಂದು ರೋಗಿಗಳನ್ನು ವಿಂಗಡಿಸುವ ಜಾಗ. ಯುದ್ಧದ ಗಾಯಾಳುಗಳಿಗೆ ಬಳಸುವುದಕ್ಕಿಂತ ಎಷ್ಟೋ ಮೊದಲೇ ಅದು ಕಾಫಿ ವ್ಯಾಪಾರದ ಮಾತಾಗಿತ್ತು. ಕಾಫಿ ಮಂಡಿಯಲ್ಲಿ ಈಗ ಟ್ರಯೇಜ್ ಎಂದರೆ ಯಾರಿಗೂ ಅರ್ಥವಾಗದು, ಬ್ಲ್ಯಾಕ್ಸ್, ಬಿಟ್ಸ್ ಎನ್ನುತ್ತಾರೆ.

ಅಳತೆಯ ಪದಗಳದು ಬೇರೆ ಕಥೆ. ದೊರೆಗಳ ಕಾಲದಲ್ಲಿ ಕಾಫಿಯನ್ನು ಬುಷೆಲ್ ಪೆಟ್ಟಿಗೆಯಲ್ಲಿ ಅಳೆಯುತ್ತಿದ್ದರು, ಇಂದಿನ ಲೆಕ್ಕದಲ್ಲಿ 36 ಲೀಟರಿಗೆ ಸ್ವಲ್ಪ ಹೆಚ್ಚು. 1956ರ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿ ಬಂದ ಮೇಲೆ ಫೋರ್ಲಿಟ್ ನಿಂತಿತು, 40 ಲೀಟರ್ ಹಿಡಿಯುವ ಅಳತೆ. ಈ ಪದ ನನ್ನ ಮನೆಯಲ್ಲಿರುವ ಯಾವ ಇಂಗ್ಲಿಷ್ ನಿಘಂಟಿನಲ್ಲೂ ಇಲ್ಲ, ಕಾಫಿ ಸೀಮೆಯಲ್ಲೇ ಬೆಳೆದ ಮಾತು. ಕಣದ ಕಾಫಿ ಒಣಗುತ್ತ ಬಂದಾಗ ದಿನವೂ ಒಂದು ಫೋರ್ಲಿಟ್ ತುಂಬಿ ತೂಗುತ್ತಿದ್ದರು. ಎರಡು ದಿನ ತೂಕ ಇಳಿಯದೆ ನಿಂತರೆ ಚೀಲಕ್ಕೆ ತುಂಬಬಹುದು. ಈಗ ತೇವಾಂಶ ಮೀಟರ್ ಬಂದಿದೆ, ಒಂದು ಹಿಡಿ ಬೀಜ ಹಾಕಿದರೆ ಅಂಕಿ ಬರುತ್ತದೆ. ಕಬ್ಬಿಣದ ಫೋರ್ಲಿಟ್ ಡಬ್ಬದಲ್ಲಿ ಒಂದು ಮನೆಯವರು ಕರಿಬೇವಿನ ಗಿಡ ನೆಟ್ಟಿದ್ದಾರೆ.

ಔಟ್‌ಟರ್ನ್ ಎಂಬ ವ್ಯಾಪಾರದ ಹಳೆ ಪದ ಇನ್ನೂ ಗಟ್ಟಿಯಾಗಿದೆ. 50 ಕೆ.ಜಿ. ಒಣ ಚೆರಿಯನ್ನು ಸುಲಿದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂಬುದೇ ಅದು. ಸಣ್ಣ ಬೆಳೆಗಾರನ ಕಾಫಿಗೆ ಇವತ್ತು ಬೆಲೆ ಕಟ್ಟುವುದು ಇದೇ ಪದ. ಅಂಗಡಿಯ ಮುಂದೆ ಓಟಿ 26 ಅಂದರೆ 26 ಕೆ.ಜಿ. ಎಂದರ್ಥ. ಅಮ್ಮತ್ತಿ ಕಡೆಯ ಬೆಳೆಗಾರನೂ ಸಿದ್ದಾಪುರದ ಮಂಡಿಯವನೂ ಒಂದು ಕೆ.ಜಿ.ಗಾಗಿ ಅರ್ಧ ಗಂಟೆ ವಾದ ಮಾಡುವುದು ದಿನದ ದೃಶ್ಯ.

ಈ ವಾದ ಅಪ್ಪನ ಕಾಲದಲ್ಲಿ ಇರಲಿಲ್ಲ, ಏಕೆಂದರೆ ಮಾರುವ ಸ್ವಾತಂತ್ರ್ಯವೇ ಇರಲಿಲ್ಲ. 1942ರ ಕಾಫಿ ಕಾಯ್ದೆಯಡಿ ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಒಟ್ಟು ರಾಶಿಗೆ, ಹೋಗಬೇಕಿತ್ತು. ಹುಣಸೂರು, ಮಂಗಳೂರು, ತಲಶ್ಶೇರಿಯ ಕ್ಯೂರಿಂಗ್ ವರ್ಕ್ಸಿಗೆ ಲಾರಿ ಕಳಿಸಿ, ಪಾಯಿಂಟಿನ ಲೆಕ್ಕದಲ್ಲಿ ಹಣ ಕಂತು ಕಂತಾಗಿ ಬರುವುದನ್ನು ಕಾಯಬೇಕಿತ್ತು. ಪೂಲ್ ಎಂಬ ಪದ ಫ್ರೆಂಚರ ಹೇಂಟೆ ಕೋಳಿ, ಇಸ್ಪೀಟಿನಲ್ಲಿ ಎಲ್ಲರೂ ಪಣ ಹಾಕುವ ರಾಶಿಗೆ ಆ ಹೆಸರಿತ್ತು. 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂಲ್ ಮುಗಿಸಿದರು. ಹಣ ತಡವಾಗುತ್ತದೆಂದು ಬೈದವರೇ, ಆಮೇಲೆ 2000ದ ಆಸುಪಾಸಿನಲ್ಲಿ ಬೆಲೆ ಕುಸಿದಾಗ ಪೂಲಿನ ಕಾಲದಲ್ಲಿ ಹೀಗಿರಲಿಲ್ಲ ಎಂದದ್ದನ್ನು ಕೇಳಿದ್ದೇನೆ. ಎರಡೂ ಮಾತು ಅವರವರ ಅನುಭವಕ್ಕೆ ನಿಜ.

ಬ್ಯಾಕಿಂಗ್ ಪದದ ಬಾಳಿಕೆ ನನಗೆ ಎಲ್ಲಕ್ಕಿಂತ ಬೆರಗು. ಫೆಬ್ರವರಿ, ಮಾರ್ಚಿನ ಹೂಮಳೆಗೆ ಬ್ಲಾಸಮ್ ಎಂದೂ, ಎರಡು ಮೂರು ವಾರದ ಮೇಲೆ ಬಿದ್ದು ಕಾಯಿ ಕಚ್ಚಿಸುವ ಮಳೆಗೆ ಬ್ಯಾಕಿಂಗ್ ಎಂದೂ ಪ್ಲಾಂಟರುಗಳು ಕರೆದರು. ಆಗ ಅದು ಆಕಾಶ ನೋಡಿ ಆಡುವ ಮಾತು. ಈಗ ಕೆರೆಯಿಂದ, ಕಾವೇರಿಯಿಂದ ನೀರೆತ್ತಿ ಸ್ಪ್ರಿಂಕ್ಲರ್‌ನಲ್ಲಿ ಹೂ ಅರಳಿಸುತ್ತಾರೆ. ಪಕ್ಕದ ತೋಟದವರು ಸಿಕ್ಕಿದರೆ ಮೊದಲ ಪ್ರಶ್ನೆ, “ಬ್ಯಾಕಿಂಗ್ ಕೊಟ್ಟಾಯ್ತಾ?” ಬರುತ್ತಿದ್ದ ಮಳೆ ಕೊಡುವ ನೀರಾಗಿದೆ, ಪದ ಕದಲಿಲ್ಲ. ಡೀಸೆಲ್ ಬೆಲೆಯೂ ಈಗ ಆ ಪದದ ಅರ್ಥದೊಳಗೆ ಸೇರಿದೆ.

ಊರ ಹೆಸರುಗಳ ಹಳೆಯ ಇಂಗ್ಲಿಷ್ ರೂಪಗಳಲ್ಲಿ ಮಡಿಕೇರಿಯ ಮರ್ಕೆರಾ ಹೋಯಿತು, ಫ್ರೇಜರ್‌ಪೇಟೆಯನ್ನು ಕುಶಾಲನಗರ ಮರೆಸಿತು. ತೋಟದ ಬೋರ್ಡುಗಳಲ್ಲಿ ಮಾತ್ರ ಯೆಮ್ಮಿಗೂಂಡಿ, ಕೂವರ್‌ಕೊಲ್ಲಿ, ಕ್ಯಾನನ್‌ಕಡೂ ಎಂದು ಓದಿಕೊಳ್ಳಬೇಕಾದ ಕಾಗುಣಿತ ಇಂದಿಗೂ ಇದೆ. ಕೂರ್ಗ್ ಎಂಬುದಂತೂ ಹೋಟೆಲಿನವರ ಪುಣ್ಯದಿಂದ ಮತ್ತೆ ಬಲಿತಿದೆ. ಕೊಡಗು ಎನ್ನಲು ಬರುವವರೂ ಬೋರ್ಡಿಗೆ ಕೂರ್ಗ್ ಎಂದೇ ಬರೆಸುತ್ತಾರೆ. ನನಗೆ ಇದು ಹಿಡಿಸದು. ಆಡುವವರ ಹೆಸರನ್ನು ಮಾರುವವರ ಹೆಸರು ನುಂಗಬಾರದು.

ಇವತ್ತಿನ ಕೊಯ್ಲಿಗೆ ಅಸ್ಸಾಮ್, ಬಂಗಾಳ, ಜಾರ್ಖಂಡ್‌ನಿಂದ ಬಂದವರೇ ಹೆಚ್ಚು. ಲೈನ್ ಮನೆಗಳಲ್ಲಿ ಬಂಗಾಳಿ, ಸಾದ್ರಿ ಕೇಳುತ್ತದೆ. ಕೆಲಸ ಗುತ್ತಿಗೆದಾರನ ಮೂಲಕ, ಕೂಲಿ ಕೊಯ್ದ ಕೆ.ಜಿ. ಲೆಕ್ಕದಲ್ಲಿ. ಸಂಜೆ ರಸ್ತೆಬದಿ ಡಿಜಿಟಲ್ ತಕ್ಕಡಿ, ಗುತ್ತಿಗೆದಾರನ ಫೋನಿನಲ್ಲಿ ಅಂಕಿ. ಬೆಳಗ್ಗೆ ಸಾಲು ನಿಲ್ಲುವ ಮಸ್ಟರ್ ಇಲ್ಲ. ಆನೆ ಹಿಂಡು ಯಾವ ಬ್ಲಾಕಿನಲ್ಲಿದೆ ಎಂಬ ವಾಟ್ಸ್ಯಾಪ್ ಸಂದೇಶ ನೋಡಿಕೊಂಡು ಕೆಲಸ ಶುರುವಾಗುತ್ತದೆ. ಅರೆ ಹಾಜರಿಗಾಗಿ ರೈಟರ ಜಗಲಿಯಲ್ಲಿ ನಿಲ್ಲುವ ಅವಮಾನ ಈ ಕಾರ್ಮಿಕರಿಗಿಲ್ಲ, ಅದು ಒಳ್ಳೆಯದೇ. ಆದರೆ ಅಡ್ವಾನ್ಸ್ ಇದೆ, ಮತ್ತು ಅದು ಯಾವ ಪುಸ್ತಕದಲ್ಲೂ ಇಲ್ಲ. ಅಪ್ಪನ ಚೆಕ್‌ರೋಲಿನಲ್ಲಿ ಅನ್ಯಾಯವಾಗಿದ್ದರೆ ಐವತ್ತು ವರ್ಷದ ಮೇಲೂ ತೋರಿಸಬಹುದು, ಇಂಥ ತಿಂಗಳು ಇಂಥ ದಿನ ಇವಳಿಗೆ ಸೊನ್ನೆ ಬಿದ್ದಿದೆ ಎಂದು. ಗುತ್ತಿಗೆದಾರ ಫೋನ್ ಬದಲಾಯಿಸಿದರೆ ಈಗಿನವರ ಒಂದಿಡೀ ಕೊಯ್ಲಿನ ಗುರುತು ಉಳಿಯುವುದಿಲ್ಲ.

ಹಳೆಯ ಚೆಕ್‌ರೋಲುಗಳೂ ಹೋಗುತ್ತಿವೆ. ತೋಟ ಕೈಬದಲಾದಾಗ ಆಫೀಸಿನ ಕಪಾಟು ಖಾಲಿ ಮಾಡಿ ಗುಜರಿಗೆ ಹಾಕುತ್ತಾರೆ. 2019ರ ಆಗಸ್ಟಿನಲ್ಲಿ ಕಾವೇರಿ ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿಯ ಮನೆಗಳಿಗೆ ನುಗ್ಗಿದಾಗ ಕಾಗದಪತ್ರಗಳೂ ನೀರುಪಾಲಾದವು. ಉಳಿದದ್ದಕ್ಕೆ ಗೆದ್ದಲಿದೆ. ಯಾರ ಅಜ್ಜಿ ಯಾವ ವರ್ಷ ಈ ಸೀಮೆಗೆ ಬಂದಳು, ಎಷ್ಟು ದಿನ ದುಡಿದಳು, ಎಷ್ಟು ಸಾಲ ಹೊತ್ತಳು ಎಂಬುದಕ್ಕೆ ಎಷ್ಟೋ ಕುಟುಂಬಗಳಲ್ಲಿ ಬೇರೆ ದಾಖಲೆಯೇ ಇಲ್ಲ. ಮನೆ ನಿವೇಶನಕ್ಕೋ ಪಡಿತರ ಚೀಟಿಗೋ ಅರ್ಜಿ ಹಾಕುವಾಗ ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿದರೆ ತೋರಿಸಲು ಅವರ ಬಳಿ ಏನೂ ಇರುವುದಿಲ್ಲ. ಅಟ್ಟದ ಮೇಲೆ, ಹಳೆಯ ಆಫೀಸಿನ ಬೀರುವಿನಲ್ಲಿ ಇಂಥ ಪುಸ್ತಕ ಇರುವವರು ತೂಕಕ್ಕೆ ಹಾಕಬೇಡಿ. ತೋಟದ ಹೆಸರು, ವರ್ಷ ಬರೆದ ಚೀಟಿ ಅಂಟಿಸಿ, ಪುಟಗಳ ಫೋಟೋ ತೆಗೆದಿಟ್ಟು, ಮಡಿಕೇರಿ ಕೋಟೆಯ ಸರ್ಕಾರಿ ಸಂಗ್ರಹಾಲಯದಲ್ಲೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದಲ್ಲೋ ವಿಚಾರಿಸಿ. ಅಪ್ಪ ಬಿಟ್ಟುಹೋದ ಪುಸ್ತಕಗಳ ಹೆಸರುಗಳನ್ನು ನಾನು ಕನ್ನಡದಲ್ಲಿ ಪಟ್ಟಿ ಮಾಡಲು ಶುರುಮಾಡಿದ್ದೇನೆ, 1968ರ ಪುಸ್ತಕ ಮುಗಿದಿದೆ, 1969ರದ್ದು ನಡೆಯುತ್ತಿದೆ.